ಓದದೆ ಉಳಿದ ತೀರ್ಪು

ಕೋರ್ಟಿನಲ್ಲಿ ಕೇಸಿರುವವರು ಈಗಲೂ ನನ್ನ ಬಳಿ ಬುದ್ಧಿ ಕೇಳಲು ಬರುತ್ತಾರೆ. ಹೇಳಿ ಹೇಳಿ ಸುಸ್ತಾಗಿದೆ; ಆದರೂ ಬಾಯಿ ಸುಮ್ಮನಿರುವುದಿಲ್ಲ. ವಾದ ಮುಗಿದು ತೀರ್ಪಿಗೆ ದಿನ ಗೊತ್ತಾದ ಮೇಲೆ ಎದುರು ಪಾರ್ಟಿ ನಗುತ್ತ ನಿಮ್ಮಲ್ಲಿಗೆ ಬಂದರೆ ಕೂರಿಸಿ, ಕಾಫಿ ಕೊಡಿ, ಆದರೆ ಅವನು ಇವತ್ತೇ ಏಕೆ ಬಂದನೆಂದು ಮೊದಲು ಯೋಚಿಸಿ ಎನ್ನುತ್ತೇನೆ.

ಊರೂರು ಅಲೆದು, ಏಲಕ್ಕಿ ಕೊಂಡು ಮಾರಿ ಮೇಲೆ ಬಂದವನು ನಾನು. ಬಿಳಿ ದೊರೆಗಳ ಎಸ್ಟೇಟುಗಳು ಇನ್ನೂ ಜೋರಾಗಿದ್ದ ಆ ಕಾಲದಲ್ಲಿ ಜಾವಳಿಯ ಕಡೆ ಒಂದು ಸಣ್ಣ ಕಾಫಿ ತೋಟ ಕೊಂಡೆ. ತೋಟಕ್ಕೆ ಗಾಡಿ ಹೋಗುವ ದಾರಿ ಒಂದೇ, ಅದೂ ಪಕ್ಕದ ಗೌಡರ ಎಸ್ಟೇಟಿನ ನಡುವೆ. ಹಳೆಯ ಮಾಲೀಕರು ಗೌಡರ ನೆಂಟರು, ಅವರ ಗಾಡಿಗಳನ್ನು ಯಾರೂ ತಡೆದಿರಲಿಲ್ಲ. ನಾನು ಬಂದ ವರ್ಷವೇ ಅಲ್ಲಿ ಗೇಟು ಎದ್ದಿತು. ಆ ದಾರಿ ಇಲ್ಲದಿದ್ದರೆ ಕಾಫಿಯನ್ನೆಲ್ಲ ಗುಡ್ಡ ಸುತ್ತಿ ತಲೆಹೊರೆಯಲ್ಲಿ ಇಳಿಸಬೇಕು. ಅಂಥ ತೋಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚಿಕ್ಕಮಗಳೂರಿನ ಮುನ್ಸೀಫ್ ಕೋರ್ಟಿಗೆ ಹೋದೆ. ವರ್ಷಗಟ್ಟಲೆ ಅಲೆದೆ. ಕೊನೆಗೆ ಮುನ್ಸೀಫರು ತೀರ್ಪಿಗೆ ದಿನ ಕೊಟ್ಟರು.

ಆ ದಿನಕ್ಕೆ ಸ್ವಲ್ಪ ಮುಂಚೆ ಗೌಡರು ಪೇಟೆಯ ನನ್ನ ಏಲಕ್ಕಿ ಮಂಡಿಗೆ ಬಂದರು. ಅಲ್ಲಿಯವರೆಗೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು.

"ಏನ್ ಮಾರಾಯ, ಬಡವ್ರ ಕಡೆ ನೋಡೋದೇ ಇಲ್ವಲ್ಲ!" ಎಂದರು.

"ನೋಡಕ್ಕೆ ಬರೋ ದಾರೀಗೇ ಗೇಟ್ ಹಾಕಿದ್ದೀರಲ್ಲ ಗೌಡ್ರೇ," ಎಂದೆ.

ಮಂಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಗೌಡರೂ ನಕ್ಕರು. ನನಗೆ ಅನುಮಾನ ಬಂದದ್ದು ಆಗಲೇ.

ನಾವು ಏಲಕ್ಕಿಯವರು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಮಾತಾಡುತ್ತೇವೆ. ಸುತ್ತ ಕೂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಗೌಡರು ನನ್ನ ಹೆಗಲ ಟವೆಲನ್ನು ತಾವೇ ಎಳೆದುಕೊಂಡು ಅದರಡಿ ಕೈ ಚಾಚಿದರು. "ಒಂದು ಬೆರಳಿಗೆ ಒಂದು ತಿಂಗಳು. ವರ್ಷದಲ್ಲಿ ಎಷ್ಟು ತಿಂಗಳು ಗೇಟ್ ತೆಗೀಬೇಕು, ಹೇಳು," ಎಂದು ಕಿವಿಯಲ್ಲಿ ಅಂದರು.

ಮೊದಲು ಕುಯ್ಲಿನ ನಾಲ್ಕು ತಿಂಗಳು ಕೊಟ್ಟರು. ನಾನು ಕೈ ಹಿಂದಕ್ಕೆ ತೆಗೆದೆ. ತಕ್ಷಣ ಆರು ಕೊಟ್ಟರು. ಕೊಳ್ಳುವ ಮನಸ್ಸಿದ್ದರೂ ಬೆರಳು ಬಿಗಿ ಹಿಡಿಯಬೇಕು, ವ್ಯಾಪಾರ ಕಲಿಯುವವರಿಗೆ ನಾನು ಹೇಳುವ ಮೊದಲ ಪಾಠ ಅದು. ಗೌಡರ ಅಂಗೈ ಬೆವರಿತ್ತು. ಇವರಿಗೆ ಏನೋ ಗೊತ್ತಾಗಿದೆ, ಕೇಸು ನನ್ನ ಕಡೆ ಆಗಿದೆ ಎಂದುಕೊಂಡೆ.

ಹಾಗಾದರೆ ಸುಮ್ಮನೆ ಕಾಯಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕಾದು ಗೆದ್ದರೆ ಅಪೀಲು. ಅಪೀಲು ಮುಗಿಯುವಷ್ಟರಲ್ಲಿ ಗಿಡ ಮುದಿಯಾಗುತ್ತದೆ, ನಾನೂ ಆಗುತ್ತೇನೆ. ಎಂಟು ತಿಂಗಳಿಗೆ ಕುದುರಿಸಿದೆ. ಮಳೆಗಾಲದಲ್ಲಿ ಗಾಡಿ ಓಡಿದರೆ ದಾರಿ ಕಿತ್ತುಹೋಗುತ್ತದೆಂದು ಉಳಿದ ನಾಲ್ಕು ತಿಂಗಳನ್ನು ಅವರು ಬಿಡಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆ.

ತೋಟದ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು. "ಕಾಯಿಲೆ ಬರೋದೇ ಮಳೆಗಾಲದಲ್ಲಿ. ಅದೂ ಗೌಡ್ರನ್ನ ಕೇಳ್ಕೊಂಡು ಬರ್ಬೇಕಾ?" ಎಂದಳು.

ತೀರ್ಪಿನ ದಿನ ಇಬ್ಬರ ವಕೀಲರೂ ಎದ್ದು ನಿಂತು ರಾಜಿ ಅರ್ಜಿ ಕೊಟ್ಟರು. ಮುನ್ಸೀಫರು ಅದನ್ನು ಓದಿ ಕನ್ನಡಕ ತೆಗೆದರು.

"ಇಷ್ಟು ವರ್ಷ ನಾನು ಹೇಳಿದ್ರೂ ಆಗದ ರಾಜಿ ಈಗ ಹೇಗಾಯ್ತು?"

ಗೌಡರು ನೆಲ ನೋಡಿದರು. ನಾನು, "ಅಕ್ಕಪಕ್ಕದವರು ಸ್ವಾಮಿ, ಎಷ್ಟು ದಿನ ಅಂತ ಜಗಳ ಆಡೋದು," ಎಂದೆ. ಮುನ್ಸೀಫರು ನನ್ನನ್ನಲ್ಲ, ಕೆಳಗೆ ಕೂತಿದ್ದ ಗುಮಾಸ್ತನನ್ನು ನೋಡುತ್ತಿದ್ದರು. ರಾಜಿಯನ್ನು ದಾಖಲು ಮಾಡಿದರು. ಆಮೇಲೆ ತಮ್ಮ ಕಟ್ಟಿನಿಂದ ಇಂಗ್ಲಿಷಿನಲ್ಲಿ ಬರೆದ ಹಾಳೆಗಳನ್ನು ಎಳೆದು ಎಲ್ಲರೆದುರೇ ಹರಿದರು.

"ಇಲ್ಲಿ ಕೂತು ಓದಿ ಹೇಳಿದ್ರೆ ಮಾತ್ರ ತೀರ್ಪು. ಅಲ್ಲೀವರೆಗೂ ಇದು ಬರೀ ಕಾಗದ," ಎಂದರು.

ಒಳಗಿನ ಸಂಗತಿಯನ್ನು ನನ್ನ ವಕೀಲರು ಆಮೇಲೆ ಹೇಳಿದರು. ಶುದ್ಧಪ್ರತಿ ಮಾಡಲು ಕೊಟ್ಟಿದ್ದ ಕರಡಿನ ಮೊದಲ ಹಾಳೆಗಳನ್ನು ಗುಮಾಸ್ತ ತನ್ನ ನೆಂಟನೊಬ್ಬನಿಗೆ ತೋರಿಸಿದ್ದ. ಆ ನೆಂಟ ಗೌಡರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅದರಲ್ಲಿ, ಈ ದಾರಿಯಲ್ಲಿ ಹಿಂದಿನಿಂದಲೂ ಗಾಡಿ ಓಡಾಡಿದೆ, ಗೇಟು ಹಾಕಿದ್ದು ಅನ್ಯಾಯ ಎಂದಿತ್ತು. ರೈಟರ್ ಓಡಿಹೋಗಿ ಸೋತೆವು ಎಂದು ಗೌಡರಿಗೆ ಹೇಳಿದ್ದ.

"ಅದು ತೀರ್ಪಲ್ಲ ಮಾರಾಯ್ರೇ," ವಕೀಲರು ಹಣೆ ಚಚ್ಚಿಕೊಂಡರು. "ಮೊದಲ ಹಾಳೆಗಳಲ್ಲಿ ದಾವಾ ಹಾಕಿದವ್ನು ಏನಂತಾನೆ ಅಂತ ಬರೀತಾರೆ. ಅದು ನಿಮ್ಮದೇ ಮಾತು. ಮುನ್ಸೀಫರ ಮಾತು ಕೊನೇಲಿರುತ್ತೆ, ಅದನ್ನ ಯಾರೂ ನೋಡಿಲ್ಲ."

ಮೂಟೆಯ ಬಾಯಿ ನೋಡಿ ಏಲಕ್ಕಿ ಕೊಂಡವನಲ್ಲ ನಾನು, ತಳದವರೆಗೆ ಕೈ ಹಾಕುತ್ತೇನೆ. ಗೌಡರು ಮೂಟೆಯ ಬಾಯಿ ನೋಡಿದರು; ನಾನು ಗೌಡರ ಅಂಗೈ ನೋಡಿದೆ. ತಳದಲ್ಲಿ ಏನಿತ್ತೋ! ಗುಮಾಸ್ತನನ್ನು ಆ ಜಾಗದಿಂದ ತೆಗೆದರೆಂದು ಕೇಳಿದೆ. ಪಿಂಚಣಿ ಪಡೆದ ಮೇಲೆ ಆ ಮುನ್ಸೀಫರು ಒಮ್ಮೆ ಬಸ್ಸಿಗೆ ಕಾಯುತ್ತ ಸಿಕ್ಕಿದ್ದರು. ಈಗಲಾದರೂ ಹೇಳಿ ಎಂದೆ. "ಕೋರ್ಟಲ್ಲಿ ಓದದ್ದನ್ನ ಬಸ್ ಸ್ಟ್ಯಾಂಡಲ್ಲಿ ಓದ್ಲಾ?" ಎಂದರು. ಅಷ್ಟೇ.

ಹೆಂಡತಿ ಹೇಳಿದಂತೆಯೇ ಆಯಿತು. ಒಂದು ವರ್ಷ ಜಡಿಮಳೆಯಲ್ಲಿ ಅವಳಿಗೆ ಜ್ವರ ಏರಿತು. ಗೇಟು ಮುಚ್ಚಿದ ತಿಂಗಳು. ಕಮಾನು ಗಾಡಿಯಲ್ಲಿ ಅವಳನ್ನು ಮಲಗಿಸಿ, ಗೌಡರಿಗೆ ಹೇಳಿ ಕಳಿಸಿ, ಗೇಟಿನ ಮುಂದೆ ನಿಂತೆವು. ಗೌಡರು ಆಳನ್ನು ಕಳಿಸಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ತಾವೇ ಬೀಗದ ಕೈ ತಂದರು. ಬೀಗಕ್ಕೆ ಕೈ ಹಾಕಿದವರು ಹಾಗೇ ನಿಂತರು.

"ಒಂದು ಮಾತು ನಿಜ ಹೇಳು ಮಾರಾಯ. ಅವತ್ತು ಕೇಸು ಯಾರ ಕಡೆ ಆಗಿತ್ತು? ನಿಂಗೆ ಗೊತ್ತಿತ್ತಲ್ವಾ?"

"ನಿಮ್ಮಾಣೆ ಗೊತ್ತಿಲ್ಲ ಗೌಡ್ರೇ."

ಗಾಡಿಯೊಳಗಿಂದ ನನ್ನ ಹೆಂಡತಿ ನರಳುತ್ತಲೇ ಹೇಳಿದಳು: "ಮೊದ್ಲು ಗೇಟು ತೆಗೀರಿ ಗೌಡ್ರೇ. ನಾನು ಬದುಕಿ ಬಂದ್ರೆ ಇಬ್ರೂ ಕೂತು ತೀರ್ಪು ಬರ್ಕೊಳ್ಳಿ."

ಬದುಕಿ ಬಂದಳು. ಬರುವಾಗಲೂ ಮಳೆ ನಿಂತಿರಲಿಲ್ಲ, ಗೇಟು ತೆರೆದೇ ಇತ್ತು.