ನೆಲದ ಮೇಲೆ ಹೊಲಿದ ರೆಕ್ಕೆ

ಹಲಸೂರಿನ ಮುನಿಆಂಜನಪ್ಪ ಎತ್ತರದ ಮೇಜಿನ ಮುಂದೆ ನಿಂತು ವಿಮಾನದ ರೆಕ್ಕೆಯ ಬಟ್ಟೆಗೆ ಹಾಕಿದ ಮೂರನೆಯ ಹೊಲಿಗೆಯೂ ಸೊಟ್ಟಗಾಯಿತು. ಅದು ೧೯೪೩; ಆಗ ಎಷ್ಟೋ ವಿಮಾನಗಳ ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುತ್ತಿದ್ದರು. ಹದಿನೆಂಟು ವರ್ಷ ಅವನು ದಂಡಿನ ಕುದುರೆಗಳಿಗೆ ಜೀನು ಹೊಲಿದಿದ್ದ. ಕುದುರೆಗಳ ಜಾಗಕ್ಕೆ ಮೋಟಾರು ಬಂದು ಆ ಕೆಲಸ ಹೋಗಿತ್ತು. ಈ ಪರೀಕ್ಷೆಯಲ್ಲಿ ಗೆದ್ದರೆ ವಿಮಾನ ಕಾರ್ಖಾನೆಯಲ್ಲಿ ಕಸುಬುದಾರ. ಸೋತರೆ ಮೂಟೆ ಹೊರುವ ಕೂಲಿ.

“ಏನಪ್ಪಾ, ಕುದುರೆ ಓಡೋಯ್ತಾ?” ಪರೀಕ್ಷೆ ನಡೆಸುತ್ತಿದ್ದ ಮೇಸ್ತ್ರಿ ನಟೇಶ ಮೊದಲಿಯಾರ್ ಕೆಣಕಿದರು.

“ನಿಂತ್ಕೊಂಡು ಯಾವತ್ತೂ ಹೊಲ್ದಿಲ್ಲ ಸ್ವಾಮಿ. ನೆಲದ್ಮೇಲೆ ಕೂತ್ಕೊಳ್ಲಾ?”

“ಕೂತ್ಕೋ, ಮಲ್ಕೊಂಡಾದ್ರೂ ಹೊಲಿ. ಹೊಲಿಗೆ ಬಿಗಿಯಾಗಿರ್ಬೇಕು, ಅಷ್ಟೇ.”

ಮುನಿಆಂಜನಪ್ಪ ಚಪ್ಪಲಿ ಬಿಟ್ಟು ಕುಳಿತ. ರೆಕ್ಕೆಯ ಬಟ್ಟೆಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದ. ಈಗ ಎರಡೂ ಕೈ ಖಾಲಿಯಾದವು. ಸೂಜಿ ಸರಸರನೆ ಓಡಿತು. ಹೊಲಿಗೆಗೊಂದು ಗಂಟು, ಗಂಟುಗಳೆಲ್ಲ ಒಂದೇ ಸಾಲಿನಲ್ಲಿ. ಅಕ್ಕಪಕ್ಕದವರು ಕೆಲಸ ಬಿಟ್ಟು ಸುತ್ತ ನೆರೆದರು.

ಮೇಸ್ತ್ರಿ ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಒಂದರ ಮೇಲೊಂದು ತೂಕದ ಗುಂಡು ತೂಗುಬಿಟ್ಟರು. ಕೊನೆಗೆ ಬಟ್ಟೆಯೇ ಪರ್ರನೆ ಹರಿಯಿತು; ಹೊಲಿಗೆ ಬಿಡಲಿಲ್ಲ.

“ಅಯ್ಯೋ ಮುರುಗಾ! ಇನ್ನು ಬಟ್ಟೆ ನೇಯ್ದೋನಿಗೆ ಪರೀಕ್ಷೆ ಇಡ್ಬೇಕು!” ಎಂದು ಮೇಸ್ತ್ರಿ ಜೋರಾಗಿ ನಕ್ಕರು.

ಸೋಮವಾರ ಮುನಿಆಂಜನಪ್ಪ ಕಸುಬುದಾರನಾಗಿ ಕೆಲಸಕ್ಕೆ ಸೇರಿದ. ಆ ವಾರವೇ ಹೊಲಿಗೆಯ ವಿಭಾಗದಲ್ಲಿ ನಾಲ್ಕು ಚಾಪೆ ಹಾಸಿದರು.