ನಾನು ಕೇಳದೇ ಇದ್ದ ದನಿ

ಇಂಥ ಅನುಭವ ಹೇಳುವವರನ್ನು ಕಂಡರೆ ಮೊದಲಿನಿಂದಲೂ ನಗುತ್ತಿದ್ದವನು ನಾನು. ಎನ್.ಆರ್. ಕಾಲೋನಿಯಲ್ಲಿರುವ ನಮ್ಮ ಸೋದರತ್ತೆ, ತಮ್ಮ ತೀರಿಹೋದ ಅತ್ತೆಯ ಕೆಮ್ಮು ದೇವರಮನೆಯಿಂದ ಕೇಳಿಸುತ್ತೆ ಅಂತ ಇಂದಿಗೂ ಹೇಳುತ್ತಾರೆ. ಅವರು ಹೇಳಿ ಮುಗಿಸುವ ಮೊದಲೇ ಚಿಕ್ಕಂದಿನಲ್ಲಿ ಕೇಳಿದ್ದ ಆ ಕೆಮ್ಮನ್ನು ನಾನು ಕೆಮ್ಮಿ ತೋರಿಸಿಬಿಡುತ್ತಿದ್ದೆ. ಅತ್ತೆಗೆ ಸಿಟ್ಟು ಬರಬೇಕು ತಾನೆ? ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ಅದೇ ಕಣೋ, ಇನ್ನೊಂದ್ಸಲ ಕೆಮ್ಮು" ಅನ್ನುತ್ತಿದ್ದರು. ದೆವ್ವಕ್ಕೆ ನಮ್ಮ ಮನೆಯಲ್ಲಿದ್ದ ಮರ್ಯಾದೆ ಅಷ್ಟು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವೂ ಕೆಮ್ಮಬಹುದು, ಬೇಜಾರಿಲ್ಲ.

ನಾನು ಮಿಮಿಕ್ರಿ ಮಾಡುವವನು. ಮದುವೆ ರಿಸೆಪ್ಷನ್ನು, ಗಣೇಶನ ಪೆಂಡಾಲು, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಎಲ್ಲಿ ಮೈಕು ಕೊಟ್ಟರೂ ಹೋಗುತ್ತೇನೆ. ಕೊಡದಿದ್ದರೂ ಹೋಗುತ್ತೇನೆ ಅಂತ ಅಮ್ಮ ಹೇಳುತ್ತಾಳೆ. ನನ್ನ ಗಂಟಲಲ್ಲಿರುವುದೆಲ್ಲ ಕದ್ದ ಮಾಲು. ಬಸ್ ಕಂಡಕ್ಟರ್ ದನಿ ಯಾವ ರೂಟಿನದು, ಮುದುಕಿಯ ದನಿ ಯಾವ ಮನೆಯದು ಅಂತ ನೀವೇ ಕೇಳಿ ನೋಡಿ, ಹೇಳಿಬಿಡುತ್ತೇನೆ. ಒಂದು ದನಿಯನ್ನು ನಾನು ಕೇಳಿರಬೇಕು, ಆಮೇಲೆಯೇ ಅದು ನನ್ನಿಂದ ಹೊರಗೆ ಬರುತ್ತೆ. ಒಮ್ಮೆ ಕೇಳಿದ್ದು ಮತ್ತೆ ತಪ್ಪಿಸಿಕೊಂಡದ್ದೂ ಇಲ್ಲ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ದಯವಿಟ್ಟು ಇಷ್ಟನ್ನು ನೆನಪಿಟ್ಟುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ಒಂದು ರಾಜ್ಯೋತ್ಸವದಲ್ಲಿ ನನ್ನ ಐಟಂ ಮುಗಿದ ಮೇಲೆ ಒಬ್ಬ ಹೆಂಗಸು ವೇದಿಕೆಯ ಹಿಂದೆ ಬಂದರು. ಕನ್ನಡಕ ತಲೆಯ ಮೇಲಿತ್ತು, ಅದನ್ನೇ ಬ್ಯಾಗಿನಲ್ಲಿ ಹುಡುಕುತ್ತಿದ್ದರು. "ಗಂಡನ ದನಿ ಮಾಡ್ತೀಯೇನಪ್ಪ?" ಅಂದರು. "ಯಾರ ಗಂಡ ಮೇಡಂ?" ಅಂದೆ. "ಯಾರಾದ್ರೂ ಸರಿ" ಅಂದರು.

ಅವರು ಸುಲೋಚನಾ ಮೇಡಂ. ಡಾಕ್ಟರಾಗಿದ್ದವರು. ತಲೆನೋವು, ಹೊಟ್ಟೆನೋವು, ನಿದ್ದೆ ಇಲ್ಲ, ಮತ್ತೆ ಗರ್ಭ ನಿಲ್ಲಲಿಲ್ಲ ಅಂತ ಬರುವ ಹೆಂಗಸರಿಗೆ ಮಾತ್ರೆ ಬರೆದುಕೊಟ್ಟೂ ಕೊಟ್ಟೂ ಸಾಕಾಗಿ, ಒಂದು ದಿನ "ಮನೇಲಿ ನಿಮ್ಮ ಮೇಲೆ ಯಾರಾದ್ರೂ ಕೈ ಮಾಡ್ತಾರಾ?" ಅಂತ ಕೇಳಿದರಂತೆ. ಆವತ್ತು ಎದುರಿಗೆ ಕೂತವರು ಎದ್ದು ಹೋಗಲು ಬಹಳ ಹೊತ್ತಾಯಿತಂತೆ. ಅಲ್ಲಿಂದ ಮುಂದೆ ಗಂಡನ ಹಿಂಸೆಗೂ ಹೆಂಡತಿಯ ಆರೋಗ್ಯಕ್ಕೂ ಇರುವ ನಂಟನ್ನು ಅಧ್ಯಯನ ಮಾಡುವುದೇ ಅವರ ಕೆಲಸವಾಯಿತು. ಅವರನ್ನು ಅವರ ಮುಂದೆಯೇ ಅನುಕರಿಸುತ್ತಿದ್ದೆ. ಸುಲಭ. "ಹ್ಞೂಂ, ಆಮೇಲೆ?" ಅಂತ ಹೇಳಿ ಸುಮ್ಮನೆ ಕೂರಬೇಕು, ಅಷ್ಟೆ. ಆದರೆ ನಾನು ಹಾಗೆ ಹೇಳಿ ಕೂತರೆ ಜನ ನಗುತ್ತಾರೆ. ಅವರು ಕೂತರೆ ಎದುರಿನವರು ವರ್ಷಗಟ್ಟಲೆ ಹೇಳದೇ ಇದ್ದದ್ದನ್ನು ಹೇಳುತ್ತಾರೆ. ಆ ವ್ಯತ್ಯಾಸ ನನ್ನ ಗಂಟಲಿಗೆ ಇನ್ನೂ ಸಿಕ್ಕಿಲ್ಲ.

ಮನೆಮನೆಗೆ ಹೋಗಿ ಪ್ರಶ್ನೆ ಕೇಳಲು ಅವರು ಹೆಂಗಸರ ಒಂದು ತಂಡವನ್ನು ತಯಾರು ಮಾಡುತ್ತಿದ್ದರು. ಹೊರಗೆ ಎಲ್ಲರಿಗೂ ಅದು "ಮಹಿಳೆಯರ ಆರೋಗ್ಯದ ಸರ್ವೆ". ಒಳಗಿನ ಪ್ರಶ್ನೆಗಳನ್ನು ಆ ಹೆಂಗಸು ಒಬ್ಬಳೇ ಇರುವಾಗ ಮಾತ್ರ ಕೇಳಬೇಕು. ಮಧ್ಯೆ ಗಂಡನೋ ಅತ್ತೆಯೋ ಬಂದರೆ, ಉಸಿರು ತೆಗೆದುಕೊಳ್ಳುವಷ್ಟೂ ನಿಲ್ಲದೆ ಬೇರೆ ಪ್ರಶ್ನೆಗೆ ಹೊರಳಬೇಕು: ವಾರಕ್ಕೆ ಎಷ್ಟು ಸಲ ಸೊಪ್ಪು ತಿಂತೀರಿ, ರಾಗಿ ಬಳಸ್ತೀರಾ, ಕಬ್ಬಿಣದ ಮಾತ್ರೆ ತಗೊಂಡಿದೀರಾ. ತಂಡದಲ್ಲಿ ಅದಕ್ಕೆ "ಸೊಪ್ಪಿನ ಪ್ರಶ್ನೆ" ಅಂತಲೇ ಹೆಸರು. ಕೇಳುವವಳು ಒಂದು ಕ್ಷಣ ತಡವರಿಸಿದರೂ, ಅವಳು ಎದ್ದು ಹೋದ ಮೇಲೆ ಆ ಮನೆಯಲ್ಲಿ ಉಳಿಯುವವಳ ಮೇಲೆ ಅದರ ಏಟು ಬೀಳುತ್ತೆ. ನನ್ನ ಕೆಲಸ ಈ ಅಭ್ಯಾಸದಲ್ಲಿ ಬಾಗಿಲು ತಳ್ಳಿಕೊಂಡು ನುಗ್ಗುವುದು. ಒಮ್ಮೆ ಅತ್ತೆಯಾಗಿ, ಒಮ್ಮೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಆಂಟಿಯಾಗಿ, ಹೆಚ್ಚಾಗಿ ಗಂಡನಾಗಿ. ಗಂಡನಿಗೆ ಕಲಾಸಿಪಾಳ್ಯದ ಮಂಡಿಯಲ್ಲಿ ಮೂಟೆ ಹರಾಜು ಕೂಗುವವನೊಬ್ಬನ ದನಿ ಹಾಕಿದ್ದೆ. ಗೋಡೆಯ ಸುಣ್ಣ ಉದುರಬೇಕು, ಹಾಗಿತ್ತು.

ತಂಡದಲ್ಲಿ ಗವಿಪುರದಿಂದ ಬರುತ್ತಿದ್ದ ನಿರ್ಮಲಕ್ಕ ಅಂತ ಇದ್ದರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸ ಅದು. ಪ್ರಶ್ನೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಿದ್ದರು. ಆದರೆ ನಾನು ನುಗ್ಗಿದ ತಕ್ಷಣ ತಲೆ ತಗ್ಗಿಸಿ ಸುಮ್ಮನಾಗಿಬಿಡುತ್ತಿದ್ದರು. ಪ್ರತಿ ಸಲವೂ ಹಾಗೇ. "ಅಕ್ಕಾ, ಇವತ್ತೂ ಸೊಪ್ಪು ಬೇಯಲಿಲ್ವಾ?" ಅಂತ ರೇಗಿಸುತ್ತಿದ್ದೆ. "ನಿನ್ನ ಮೂತಿ ನೋಡಿದ್ರೆ ಬೇಯೋ ಸೊಪ್ಪೂ ಬೇಯಲ್ಲ ಕಣೋ" ಅನ್ನುತ್ತಿದ್ದರು. ಆದರೆ ಮೇಡಂ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು, ಇದೊಂದು ಬರದಿದ್ದರೆ ಹೊರಗೆ ಕಳಿಸಲು ಆಗುವುದಿಲ್ಲ ಅಂತ. ಅದು ನಿಷ್ಠುರದ ಮಾತಲ್ಲ ಅಂತ ನಿರ್ಮಲಕ್ಕನಿಗೂ ಗೊತ್ತಿತ್ತು. ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಅನ್ನುವುದು ನಮಗೆಲ್ಲ ಗೊತ್ತಿತ್ತು.

ತರಬೇತಿ ಮುಗಿಯುವ ಹೊತ್ತಿನ ಒಂದು ಮಧ್ಯಾಹ್ನ. ಚಾಮರಾಜಪೇಟೆಯ ಹಳೇ ಮನೆಯೊಂದರ ಮಹಡಿ, ಕೆಳಗೆ ಹಿಟ್ಟಿನ ಗಿರಣಿ. ಕರೆಂಟು ಹೋಗಿ ಗಿರಣಿ ನಿಂತಿತ್ತು. ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ನಿನ್ನ ಗಂಡಂದಿರೆಲ್ಲ ಬರೀ ಕಿರುಚ್ತಾರೆ. ಕಿರುಚದೇ ಇರೋರೂ ಇದಾರೆ ಕಣಪ್ಪ, ಅಂಥೋನನ್ನ ಮಾಡು" ಅಂದರು. ಒಳಗೆ ಹೋಗಿ ನಿರ್ಮಲಕ್ಕನ ಎದುರಿಗೆ ಉತ್ತರ ಹೇಳುವ ಹೆಂಗಸಾಗಿ ಕೂತರು. ಗೋಡೆ ಪಕ್ಕ ಉಳಿದವರು ಕೂತಿದ್ದರು.

ಮೆತ್ತಗಿನ ಗಂಡಸು ಯಾರಪ್ಪ ಅಂತ ಯೋಚಿಸಿದೆ. ನಮ್ಮ ಬಾಡಿಗೆ ಮನೆಯ ಓನರ್ ದನಿ ಹಾಕೋಣ ಅಂದುಕೊಂಡೆ. ಬಾಗಿಲು ತಳ್ಳಿದೆ. ಕೈಯಲ್ಲಿದ್ದ ಗಾಡಿ ಕೀಲಿಯಿಂದ ಚೌಕಟ್ಟಿಗೆ ಟಕ್ ಟಕ್ ಅಂತ ಬಡಿದೆ. ಹಾಗೆ ಬಡಿಯಬೇಕು ಅಂತ ಯೋಚಿಸಿರಲಿಲ್ಲ. ಬಾಯಿಂದ ಬಂದ ದನಿ ಓನರದ್ದಾಗಿರಲಿಲ್ಲ.

"ಏನು ಟೀಚರಮ್ಮಾ, ಬಾಗಿಲು ಹಾಕ್ಕೊಂಡು ಕೂತ್ರೆ ಸೆಕೆ ಆಗಲ್ವಾ?"

ಇಷ್ಟೆ. ತೆಳುವಾದ, ಮೂಗಿನಲ್ಲಿ ಸ್ವಲ್ಪ ನಗು ಸೇರಿದ, ಬಹಳ ಪ್ರೀತಿಯ ದನಿ. ಕೊನೆಯ ಮಾತಿನಲ್ಲಿ ಮೆಲ್ಲಗೆ ಕೆಳಗಿಳಿಯಿತು. ನನ್ನ ಎದೆಯೊಳಗಿಂದ ಬಂದರೂ ಪಕ್ಕದಲ್ಲಿ ನಿಂತ ಬೇರೆ ಯಾರೋ ಆಡಿದ ಹಾಗೆ ನನಗೇ ಕೇಳಿಸಿತು. ಅದೂ ಅಲ್ಲದೆ, ನಾನು ಮಾತಾಡಿಸಬೇಕಿದ್ದದ್ದು ಹೆಂಡತಿಯ ಪಾತ್ರದಲ್ಲಿದ್ದ ಮೇಡಂ ಅವರನ್ನ. ನಾನು ನೋಡುತ್ತಿದ್ದದ್ದು ನಿರ್ಮಲಕ್ಕನನ್ನ.

ನಿರ್ಮಲಕ್ಕ ಎದ್ದು ನಿಂತರು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಬಂದೆ ರೀ" ಅಂದರು.

ಯಾರೂ ನಗಲಿಲ್ಲ. ಮೇಡಂ ಎಲ್ಲರನ್ನೂ ಕಾಫಿಗೆ ಕಳಿಸಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಆ ದನಿ ಎಲ್ಲಿಯದು ಅಂತ ತಡಕಾಡಿದೆ. ನನ್ನ ಗೋಡೌನಿನ ಮೂಲೆ ಮೂಲೆ ಹುಡುಕಿದೆ. ಎಲ್ಲೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ನಿರ್ಮಲಕ್ಕನೇ ಹೊರಗೆ ಬಂದರು. "ಅವರು ನಿಂಗೆ ಹೇಗೆ ಗೊತ್ತು?" ಅಂದರು. ಯಾರು ಅಂತ ನಾನು ಕೇಳಿದ ರೀತಿಯಲ್ಲೇ ಅವರಿಗೆ ಉತ್ತರ ಸಿಕ್ಕಿರಬೇಕು. ಅವರ ಗಂಡನನ್ನು ನಾನು ನೋಡಿರಲಿಲ್ಲ. ಅಕ್ಕ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತಿದ್ದರು, ಆತ ಆ ಕಡೆ ಒಮ್ಮೆಯೂ ಬಂದವನಲ್ಲ. ಮದುವೆಗೆ ಮುಂಚೆ ಅಕ್ಕ ಮನೆಪಾಠ ಹೇಳುತ್ತಿದ್ದರಂತೆ, ಅದಕ್ಕೇ ಟೀಚರಮ್ಮ ಅನ್ನುವ ಆ ಹೆಸರಂತೆ. ಅವನೊಬ್ಬನೇ ಕರೆಯುವುದು, ಮನೆಯೊಳಗೆ ಮಾತ್ರ. ಅದನ್ನು ಕರೆದ ಮೇಲೆ ಏನಾಗುತ್ತಿತ್ತು ಅನ್ನುವುದನ್ನು ಅವರು ನನಗೆ ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು, "ಇನ್ನೊಂದ್ಸಲ ಮಾಡು" ಅಂದರು.

ಹಿಂದೆಯೇ ಬಂದಿದ್ದ ಮೇಡಂ, "ಬೇಡ ನಿರ್ಮಲಾ, ಇದು ನಿನ್ನ ಪರೀಕ್ಷೆ ಅಲ್ಲ" ಅಂದರು.

"ಅಲ್ಲ ಮೇಡಂ. ಮನೇಲಿ ಅದು ಕೇಳಿದ ತಕ್ಷಣ ಎದ್ದು ನಿಲ್ತೀನಿ. ಇಲ್ಲಾದ್ರೂ ಕೇಳಿಸ್ಕೊಂಡು ಕೂತಿರಬೇಕು. ಒಂದೇ ಒಂದ್ಸಲ."

ಆ ಧೈರ್ಯವನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಪ್ರಯತ್ನಪಟ್ಟೆ. ಓನರ್ ಬಂದ, ಮಂಡಿಯವನು ಬಂದ, ಎಫ್‌ಎಂ ರೇಡಿಯೋದವನು ಬಂದ, ಕೊನೆಗೆ ಅತ್ತೆಯ ಅತ್ತೆಯ ಕೆಮ್ಮೂ ಬಂತು. ಆ ದನಿ ಬರಲಿಲ್ಲ. ನಿರ್ಮಲಕ್ಕ ಮೊದಲ ಸಲ ಜೋರಾಗಿ ನಕ್ಕು, "ಬೇಕಾದಾಗ ಬರಲ್ಲ ನೋಡು, ನೀನೂ ಎಲ್ಲಾ ಗಂಡಸರ ಥರಾನೇ" ಅಂದರು. ಆಮೇಲೆ ಮೇಡಂ ಜೊತೆ ಒಳಗೆ ಹೋಗಿ ಕೂತರು. ಈ ಸಲ ಅಭ್ಯಾಸಕ್ಕಲ್ಲ. ಬಾಗಿಲು ಮುಚ್ಚಿಕೊಂಡಿತು. ಮೇಡಂ ಅವರ "ಹ್ಞೂಂ, ಆಮೇಲೆ?" ಮಾತ್ರ ಆಗಾಗ ಕೇಳಿಸುತ್ತಿತ್ತು.

ಆಗ ಮೆಟ್ಟಿಲು ಹತ್ತಿ ಒಬ್ಬರು ಬಂದರು. ಇಸ್ತ್ರಿ ಮಾಡಿದ ಶರಟು, ಹಣೆಯಲ್ಲಿ ಸಣ್ಣ ಕುಂಕುಮ. ನನ್ನನ್ನು ನೋಡಿ ಮುಗುಳ್ನಕ್ಕು ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ. ಪಕ್ಕದ ಆಫೀಸಿಗೆ ಬಂದವರು ಅಂದುಕೊಂಡೆ. ನೋಡನೋಡುತ್ತಿದ್ದಂತೆ ನಮ್ಮ ಬಾಗಿಲು ತಳ್ಳಿದರು. ಕೀಲಿಯಿಂದ ಚೌಕಟ್ಟಿಗೆ ಟಕ್ ಟಕ್.

"ಏನು ಟೀಚರಮ್ಮಾ, ಬಾಗಿಲು ಹಾಕ್ಕೊಂಡು ಕೂತ್ರೆ ಸೆಕೆ ಆಗಲ್ವಾ?"

ಅದೇ ನಗು, ಕೊನೆಯಲ್ಲಿ ಅದೇ ಇಳಿತ. ನನ್ನ ದನಿಯನ್ನು ಯಾರೋ ಮಿಮಿಕ್ರಿ ಮಾಡಿದಂತಿತ್ತು. ಅವರ ಬೆನ್ನ ಹಿಂದೆ ನಿಂತು ಒಳಗೆ ನೋಡಿದೆ. ನಿರ್ಮಲಕ್ಕನ ಕೆನ್ನೆ ಇನ್ನೂ ಒದ್ದೆಯಿತ್ತು. ಅವರು ಏಳಲಿಲ್ಲ. ಉಸಿರು ತೆಗೆದುಕೊಳ್ಳುವಷ್ಟೂ ನಿಲ್ಲಲಿಲ್ಲ.

"ಮತ್ತೆ ವಾರಕ್ಕೆ ಎಷ್ಟು ಸಲ ಸೊಪ್ಪು ಮಾಡ್ತೀರಿ ಮೇಡಂ? ದಂಟಾ, ಮೆಂತ್ಯನಾ?"

"ದಂಟೇ ಜಾಸ್ತಿ" ಅಂದರು ಮೇಡಂ, ರೆಪ್ಪೆ ಕೂಡ ಅಲುಗಿಸದೆ. "ಮೆಂತ್ಯ ನಮ್ಮನೇಲಿ ಯಾರೂ ಮುಟ್ಟಲ್ಲ."

ನಿರ್ಮಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಅಬ್ಬಾ, ಸೆಕೆ ಹೌದು" ಅಂದರು. ಬಾಗಿಲ ಕಡೆ ತಿರುಗಿ, "ಇನ್ನೂ ಕೆಲಸ ಇದೆ ರೀ, ಹೊರಗೆ ಕೂತಿರಿ" ಅಂದರು.

ಆತ ಕೂತರು. ನನ್ನ ಬೆಂಚಿನ ಮೇಲೆಯೇ. "ಫೋನ್ ಆಫ್ ಬರ್ತಿತ್ತು, ಅದಕ್ಕೇ ಬಂದೆ" ಅಂದರು. ತರಬೇತಿಯ ಹೊತ್ತಿನಲ್ಲಿ ಫೋನು ಆಫ್ ಮಾಡಿಡುವುದು ಅಲ್ಲಿನ ನಿಯಮ. "ನೀವೇನು ಮಾಡ್ತೀರಿ ಇಲ್ಲಿ?" ಅಂತ ವಿಚಾರಿಸಿದರು. ಜೀವಮಾನದಲ್ಲಿ ಮೊದಲ ಸಲ ನಾನು ಮಿಮಿಕ್ರಿಯವನು ಅಂತ ಹೇಳಿಕೊಳ್ಳುವ ಚಪಲ ನನಗೆ ಬರಲಿಲ್ಲ. "ಸೊಪ್ಪಿನ ಸರ್ವೆ ಸಾರ್, ಹೆಂಗಸರಿಗೆ ರಕ್ತ ಕಮ್ಮಿ ಅಂತ" ಅಂದೆ, ನನ್ನ ಸ್ವಂತ ದನಿಯಲ್ಲಿ. ಅದು ಇಷ್ಟು ಸಣ್ಣದು ಅಂತ ಗೊತ್ತಿರಲಿಲ್ಲ. "ಒಳ್ಳೇ ಕೆಲಸ" ಅಂದರು. "ಇವಳೂ ಸೊಪ್ಪು ತಿನ್ನಲ್ಲ, ಹೇಳಿ ಹೇಳಿ ಸಾಕಾಯ್ತು ನನಗೆ." ನಕ್ಕರು. ನಾನೂ ನಗಬೇಕಾಯಿತು.

ನಿರ್ಮಲಕ್ಕ ಆಮೇಲೆ ಎಷ್ಟೋ ಮನೆಗಳ ಬಾಗಿಲು ತಟ್ಟಿದರು. ಎಲ್ಲೂ ತಡವರಿಸಲಿಲ್ಲ ಅಂತ ಮೇಡಂ ಹೇಳುತ್ತಾರೆ. ಅವರ ಸ್ವಂತ ಮನೆಯ ವಿಷಯ ಅವರದು. ಈಗ ತಂಗಿಯ ಜೊತೆ ಇದ್ದಾರೆ ಅನ್ನುವಷ್ಟು ಮಾತ್ರ ಬರೆಯಲು ನನಗೆ ಅಪ್ಪಣೆ. ನಿರ್ಮಲಾ ಅನ್ನುವುದು ಅವರ ಹೆಸರಲ್ಲ, ಆ ಅಡ್ಡಹೆಸರನ್ನೂ ಬದಲಾಯಿಸಿದ್ದೇನೆ. ಇದನ್ನು ಬರೆಯಲಾ ಅಂತ ಕೇಳಿದಾಗ, "ಬರಿ, ಆದ್ರೆ ಓದಿದೋರು ಪಾಪ ಅನ್ನೋ ಹಾಗೆ ಬರೀಬೇಡ" ಅಂದರು.

ಮೇಡಂಗೆ ಒಂದು ವಿವರಣೆ ಇದೆ. ಬೇರೆ ಬೇರೆ ಮನೆಗಳಲ್ಲಿ ಹೆಂಗಸರು ತಮ್ಮ ಗಂಡಂದಿರ ಮಾತನ್ನು ಹೇಳಿ ತೋರಿಸಿದಾಗ ಎಲ್ಲರದ್ದೂ ಒಂದೇ ದನಿ ಅನ್ನಿಸಿಬಿಡುತ್ತಂತೆ. ನಿನಗೂ ಎಲ್ಲೋ ಬಸ್ಸಿನಲ್ಲೋ ಮದುವೆಮನೆಯಲ್ಲೋ ಅದು ಕಿವಿಗೆ ಬಿದ್ದಿರುತ್ತೆ ಅನ್ನುತ್ತಾರೆ. ಸರಿ, ಇರಬಹುದು. ಆ ಹೆಸರು? ಆ ಕೀಲಿ? ಅಂತ ಕೇಳಿದರೆ ತಲೆಯ ಮೇಲಿನ ಕನ್ನಡಕವನ್ನು ಬ್ಯಾಗಿನಲ್ಲಿ ಹುಡುಕಲು ಶುರುಮಾಡುತ್ತಾರೆ.

ನನ್ನನ್ನು ಕಾಡುವುದು ಇನ್ನೊಂದು. ಒಮ್ಮೆ ಕೇಳಿದ ದನಿ ನನ್ನಿಂದ ತಪ್ಪಿಸಿಕೊಂಡದ್ದಿಲ್ಲ ಅಂತ ಮೊದಲೇ ಜಂಬ ಕೊಚ್ಚಿದ್ದೆನಲ್ಲ. ಆವತ್ತು ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತು ಮಾತಾಡಿದ. ಪ್ರತಿ ಅಕ್ಷರವೂ ಕಿವಿಯಲ್ಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಈಗಲೂ ಕೆಲವೊಮ್ಮೆ ಬಾಗಿಲ ಬಳಿ ನಿಂತು, ಕೀಲಿ ಹಿಡಿದು ಪ್ರಯತ್ನಿಸುತ್ತೇನೆ. ಮೂಗಿನ ನಗು ಬರುತ್ತೆ, ಮಾತು ಬರುತ್ತೆ, ಇಳಿತವೂ ಬರುತ್ತೆ. ಆದರೆ ಅದು ನಾನೇ, ಸುಮ್ಮನೆ ಮೆತ್ತಗೆ ಮಾತಾಡುವ ನಾನು. ಕೇಳುವ ಮೊದಲು ಬಂದದ್ದು, ಕೇಳಿದ ಮೇಲೆ ಇವತ್ತಿನವರೆಗೂ ಬಂದಿಲ್ಲ.