ಜಟ್ಟೆಪ್ಪನವರು ತೆಗೆದ ಜೋಳದ ರಾಶಿ

ಒಕ್ಕಲುಮಕ್ಕಳ ಬದುಕನ್ನು ಛಾಯಾಚಿತ್ರಗಳಲ್ಲಿ ಕಾಪಿಟ್ಟವರ ಹೆಸರು ಹೇಳುವಾಗ ಶ್ರೀ ಜಟ್ಟೆಪ್ಪ ಬಿರಾದಾರರನ್ನು ಮೊದಲ ಸಾಲಿನಲ್ಲಿ ಕೂರಿಸುವುದು ವಾಡಿಕೆ. ಆ ಸಾಲಿನಲ್ಲಿ ನನಗೂ ಒಂದು ಕುರ್ಚಿ ಸಿಕ್ಕೀತೆಂದು ಇಪ್ಪತ್ತೊಂಬತ್ತು ವರ್ಷ ಕಾದವನು ನಾನು. ಪುಣೆಯ ಕೊಂಢವಾದಲ್ಲಿರುವ ನಮ್ಮ ಕೃಷಿ ಸಂಗ್ರಹಾಲಯಕ್ಕೆ ಇಬ್ಬರೂ ಛಾಯಾಗ್ರಾಹಕರಾಗಿ ಒಂದೇ ದಿನ ಸೇರಿದೆವು. ಅಭಿನಂದನ ಗ್ರಂಥ ಬರುತ್ತಿರುವುದು ಮಾತ್ರ ಅವರಿಗೆ. ಸಂಪಾದಕರು ಮನಬಿಚ್ಚಿ ಬರೆಯಿರಿ ಎಂದಿದ್ದಾರೆ, ಅನುಭವಿಸಲಿ.

ಹಳ್ಳಿಗೆ ಹೋದ ಮೊದಲ ದಿನ ಜಟ್ಟೆಪ್ಪನವರ ಕ್ಯಾಮೆರಾ ಚೀಲದಿಂದ ಹೊರಬರುತ್ತಿರಲಿಲ್ಲ. ತೆನೆ ಮುರಿಯುವವರೊಡನೆ ತಾವೂ ತೆನೆ ಮುರಿದು, ಅವರ ಬುತ್ತಿಯ ರೊಟ್ಟಿ ಉಂಡು, ಮರುದಿನವಷ್ಟೇ ಚಿತ್ರ ತೆಗೆಯುವರು. ನಾನೋ, ಬೆಳಕು ಸಿಕ್ಕೊಡನೆ ಕೆಲಸ ಮುಗಿಸಿ ಬಸ್ಸು ಹಿಡಿಯುವವನು. ಕಾಮಾಲೆಯಾಗಿ ಇಪ್ಪತ್ತೆರಡು ದಿನ ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಪಿಂಪ್ರಿಯ ತಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ದಿನವೂ ಗಂಜಿ ತಂದರು. ನೆಮ್ಮದಿಯಾಗಿ ದ್ವೇಷಿಸಲೂ ಬಿಡದ ಮನುಷ್ಯ!

ಆರು ವರ್ಷದ ಹಿಂದೆ ಇಂಡಿ ತಾಲ್ಲೂಕಿನ ಕಲ್ಲವ್ವ ಎಂಬ ರೈತ ಮಹಿಳೆಯ ಕಣಕ್ಕೆ ಹೋಗಿದ್ದೆವು. ಜೋಳದ ರಾಶಿಯ ನೆತ್ತಿಯಲ್ಲಿ ಗರಿಕೆ ಚುಚ್ಚಿದ ಸಗಣಿಯ ಬೆನಕಪ್ಪ ಕೂತಿದ್ದ. ರಾಶಿ ಅಳೆಯುವವರೆಗೂ ಅವನನ್ನು ಕದಲಿಸಬಾರದು. ಕಲ್ಲವ್ವನನ್ನು ಹೊಸ ಇಳಕಲ್ ಸೀರೆ ಉಟ್ಟು ಬರಲು ಕಳಿಸಿದ ನಾನು, ಚಿತ್ರ ಚೊಕ್ಕಟವಾಗಿ ಬರಲೆಂದು ಬೆನಕಪ್ಪನನ್ನು ಎತ್ತಿ ಪಕ್ಕಕ್ಕಿಟ್ಟೆ. ಚಿತ್ರ ತೆಗೆದಾದ ಮೇಲೆ ಹಿಂತಿರುಗಿ ನೋಡಿದ ಆಕೆ, "ಅಯ್ಯ ಶಿವನ! ಏನ್ ಮಾಡಿದ್ರಿ ಸಾಹೇಬ್ರ?" ಎಂದು ಕೂಗಿದರು. ಜಟ್ಟೆಪ್ಪನವರು ಕೈಕಾಲು ತೊಳೆದು ಬಂದು ಬೆನಕಪ್ಪನನ್ನು ಮತ್ತೆ ಕೂರಿಸಿ, "ನಮ್ಮ ತಪ್ಪು ಹೊಟ್ಟ್ಯಾಗ ಹಾಕ್ಕೋರಿ ಅವ್ವಾ" ಎಂದು ಕೈಮುಗಿದರು. ತಪ್ಪು ನನ್ನೊಬ್ಬನದು. ಆಕೆ ಒಪ್ಪಿದ ಮೇಲೆಯೇ ಅವರು ತಮ್ಮ ಚಿತ್ರ ತೆಗೆದದ್ದು.

ಹೋದ ವರ್ಷ ಸಂಗ್ರಹಾಲಯದ ಹೊಸ ಸಭಾಂಗಣದ ನಡುಗೋಡೆಗೆ ಕಾಯಮ್ಮಾಗಿ ಒಂದೇ ಒಂದು ಚಿತ್ರ ಬೇಕಾಯಿತು. ಆಯ್ಕೆ ನನ್ನ ಕೈಯಲ್ಲಿತ್ತು. ನನ್ನ ರಾಶಿಯನ್ನೇ ಅಲ್ಲಿ ಏರಿಸಿ, ಅವರದನ್ನು ಬಾಗಿಲ ಮೂಲೆಗೆ ತಳ್ಳಿದೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಮಗನ ಮನೆಗೆ ಬಂದಿದ್ದ ಕಲ್ಲವ್ವನನ್ನು ಜಟ್ಟೆಪ್ಪನವರು ಉದ್ಘಾಟನೆಗೆ ಕರೆದುತಂದರು. ಆಕೆ ನಡುಗೋಡೆಯ ಮುಂದೆ ಬಹಳ ಹೊತ್ತು ನಿಂತರು. "ಸೀರಿ ನಂದೇ ಅದ, ಮಾರಿನೂ ನಂದೇ ಅದ. ಕಣಾ ಯಾರದ್ರಿ ಇದು?" ಎಂದು ನನ್ನನ್ನೇ ಕೇಳಿದರು. ಆಮೇಲೆ ಮೂಲೆಯ ಚಿತ್ರ ಕಂಡವರು ಹೊರನಡೆದು, ಚಪ್ಪಲಿ ಬಿಟ್ಟು ಬಂದು, ರಾಶಿಗೆ ನಮಸ್ಕಾರ ಮಾಡಿದರು.

ನನಗೆ ಸಿಕ್ಕ ಪ್ರಶಸ್ತಿಗಳೆಲ್ಲ ಅವತ್ತು ನೀರಲ್ಲಿ ಹೋಮವಾದವು. ಮರುದಿನ ಏಣಿ ಹಾಕಿ ಎರಡೂ ಚಿತ್ರಗಳ ಜಾಗ ಬದಲಿಸಿದವನು ನಾನೇ. "ಯಾಕ್ರಿ ಶ್ರೀನಾಥ್, ಬದಲಿ ಮಾಡಿದ್ರಿ?" ಎಂದು ಅವರು ಕೇಳಿದಾಗ, "ಅಲ್ಲಿ ಬೆಳಕು ಸರಿ ಇರ್ಲಿಲ್ಲ ಸಾರ್" ಎಂದುಬಿಟ್ಟೆ. ಹಸಿ ಸುಳ್ಳು. ಜಟ್ಟೆಪ್ಪನವರೇ, ನಿಮ್ಮ ಚಿತ್ರ ನನ್ನದಕ್ಕಿಂತ ದೊಡ್ಡದು. ಬಾಯಲ್ಲಿ ಬಾರದ ಈ ಮಾತು ಅಚ್ಚಿನಲ್ಲಾದರೂ ಬರಲಿ.

ನೂರ್ಕಾಲ ಬಾಳಿ, ನಾಡಿನಲ್ಲಿ ಒಂದು ಕಣ ಉಳಿದಿರುವವರೆಗೂ ಕ್ಯಾಮೆರಾ ನಿಮ್ಮ ಕೊರಳಿನಿಂದ ಇಳಿಯದಿರಲಿ. ಇದನ್ನು ಮನಸಾರೆ ಹಾರೈಸುತ್ತಿದ್ದೇನೆ, ಹೊಟ್ಟೆ ಮಾತ್ರ ಇನ್ನೂ ಉರಿಯುತ್ತಲೇ ಇದೆ.